ಹೆರೆದಿಟ್ಟ ಪೆನ್ಸಿಲ್

ಗುಳಿಗಿ ಡಬ್ಬಿ ಬಿಚ್ಚಿ, ಕತ್ತರಿಸಿ,
ಒಳಮೈಯ ಬಿಳುಪಿನ ಮ್ಯಾಲ ಬರೀತೀನಿ,
ಒಂದು ಡಬ್ಬಿಗೆ ಆರು ಅಕ್ಷರ.
ಈ ಕಡೆ ಜಪಾನಿ. ಆ ಕಡೆ ಬಿ.ಪಿ. ಕಂಪನಿ ಹೆಸರು,
ಮಕ್ಕಳ ಕೈಗೆ ಸಿಗದಂಗ ಇಡ್ರಿ ಅನ್ನೂ ಮಾತು.

ಮೈಂದರ್ಗಿಯ ಈ ಮನಿಯಾಗ ರಾತ್ರಿಪಾಳಿ ನಂದು.
ಚಂದ್ರಭಾಗವ್ವನ ಬಲಮೈ ಬಿದ್ದು ಎಂಟು ತಿಂಗಳು.
ಎರಡು ತಾಸಿಗೊಮ್ಮೆ ಮಗ್ಗಲಾ ಹೊರಳಸಬೇಕು.
ನಡುವಿನ ಎರಡು ತಾಸು
ನಂದು, ಎನ್-ಫೋರ್ ಪರೀಕ್ಷಾದ್ದು.

ಪುಸ್ತಕ ಇಂಗ್ಲಿಷಿನಂದು. ಅದಕ್ಕ ಭಾಳ ಆಶ್ಚರ್ಯ,
ಕ್ರಿಯಾಪದ ಕಡೀಗೆ ಬರತದಲ್ಲ ಅಂತ.
ನನಗೇನು ಆಶ್ಚರ್ಯ?
ನಮ್ಮವ್ವ ಬೈಯುವಾಗೂ ಕಡೀಗೇ ಬರತಿತ್ತು,
ಏಟಿನ ಜೋಡಿ.

‘ತಬೆತೆ ಮಿರು’ ಅಂದ್ರ ತಿಂದು ನೋಡು.
ತಿನ್ನೂದಕ್ಕೂ ನೋಡೂದಕ್ಕೂ ಏನು ಸಂಬಂಧ ಅಂತ
ಅರ್ಧ ಪುಟ ತಿಳಿಸಿ ಹೇಳತದ ಪುಸ್ತಕ.
ನಾ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಒಂದು ತುತ್ತು
ಬಾಯಿಗಿಟ್ಟು, ಪುಟ ತಿರುವಿದೆ.

ಆದರ ಅಕ್ಷರ! ಅಕ್ಷರ ಹಂಗಲ್ಲ.
ಮನುಷ್ಯಾ ಗಿಡಕ್ಕ ಆತು ನಿಂತರ ‘ವಿಶ್ರಾಂತಿ’. ಒಪ್ಪಿದೆ.
ಸೂರಿನ ಕೆಳಗ ಹೆಣ್ಣಮಗಳು ಕುಂತರ ‘ಅಗ್ಗ’.
‘ನೆಮ್ಮದಿ’ ಅಂತನೂ ಹೌದು.
ಯಾರಿಗೆ ನೆಮ್ಮದಿ, ಎಷ್ಟಕ್ಕ ಅಗ್ಗ,
ಅದು ಪರೀಕ್ಷಾದಾಗ ಬರೂದಿಲ್ಲ.
ತಿಂಗಳಿಗೆ ಒಂಬತ್ತು ಸಾವಿರಕ್ಕ ಈ ಸೂರಿನ ಕೆಳಗ ಕುಂತೀನಿ;
ಆ ಅಕ್ಷರಾ ಒಂದು ಮರೆಯಂಗಿಲ್ಲ.

ಅರ್ಜಿಯೊಳಗ ಒಂದು ಖಾನೆ: ಮಾತೃಭಾಷಾ.
ಏಳನೇತ್ತದ ತನಕ ಕನ್ನಡ ಸಾಲಿ, ಆಮ್ಯಾಲ ಮರಾಠಿ,
ಸೊಲ್ಲಾಪುರದ ದವಾಖಾನಿಯೊಳಗ ಹಿಂದಿ.
ಮನಿಮನಿ ಎಣಸಾಕ ಬಂದ ಮಾಸ್ತರು
ಕೇಳದನ ಏನೋ ಬರಕೊಂಡು ಹೋಗಿದ್ದರು.
ಇಲ್ಲಿ ಉದ್ದಾನ ಯಾದಿ. ಬೆರಳಿಟ್ಟು ಇಳದೆ.
ಸಿಕ್ತು: ಕನ್ನಡ, ಮಗ್ಗಲದಾಗ ಮೂರಂಕಿ.
ಅಷ್ಟು ದೂರದಾಗ ಕುಂತು ಯಾರೋ
ನಮಗೂ ಒಂದು ನಂಬರು ಕೊಟ್ಟಾರ.
ಯಾಕೋ ಎದ್ದು ಹೋಗಿ ನೀರು ಕುಡದೆ.

ಕೇಳೂ ಪರೀಕ್ಷಾ ಕಠಿಣ. ಒಮ್ಮೆ ಮಾತ್ರ ಹೇಳತಾರ.
ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಆಯಿಗೆ.
ಎಡಕ್ಕ ಸ್ಟೇಶನ್ನಿನಾಗ ಯಾರೋ ಛತ್ರಿ ಮರೆತಾಳ,
ಬಲಕ್ಕ ಆಯಿ ನರಳತಾಳ.
ಛತ್ರಿ ಎಲ್ಲಿ ಬಿಟ್ಟಳು? ನಾಲ್ಕರಾಗ ಒಂದು ಆರಿಸಬೇಕು.

ನಿನ್ನೆ ರಾತ್ರಿ ಮಗ್ಗಲಾ ಹೊರಳಸ್ತ,
ನಾಲಿಗಿಗೆ ರೂಢಿ ಆಗಲಿ ಅಂತ ಆಕಿನ್ನೇ ಕೇಳಿದೆ:
“ದೊಕೊ ಗಾ ಇತಾಯ್ ದೆಸ್ ಕಾ?”
“ಏನಂದಿ?” ತೊದಲಿದಳು.
“ಎಲ್ಲಿ ನೋವಾಗತದ ಅಂತ.”
ಭಾಳ ಹೊತ್ತು ಸುಮ್ಮನಿದ್ದಳು. ಮತ್ತ,
“ಸೊಂಟದಾಗ. ಬ್ಯಾಸಗಿ ಹಿಡದು.”

ಎಂಟು ತಿಂಗಳು. ಉಚ್ಚಿ ಎಷ್ಟು, ಬಿ.ಪಿ. ಎಷ್ಟು,
ವಹಿ ತುಂಬ ಬರದೀನಿ.
ಈ ಪ್ರಶ್ನಾ ನಾ ಕನ್ನಡದಾಗ ಕೇಳಿದ್ದಿಲ್ಲ.
ದಿಂಬು ಮಡಚಿ ಸೊಂಟದ ಕೆಳಗ ಕೊಟ್ಟೆ.
ಪುಸ್ತಕ ಆ ರಾತ್ರಿ ಮತ್ತ ತೆಗೀಲಿಲ್ಲ.

ಉಳದದ್ದು ‘ತೆ ಒಕು’ ಒಂದು ಪಾಠ:
ಮುಂದ ಬೇಕಾಗತದ ಅಂತ ಮೊದಲೇ ಮಾಡಿ ಇಡೂದು.
ಇದೂ ನಮ್ಮದ. ತುಂಬಿಟ್ಟೆ, ಹಾಸಿಟ್ಟೆ, ಹೇಳಿಟ್ಟೆ.
ಡಿಸೆಂಬರಿನ ಮೊದಲ ಆದಿತವಾರ, ಪುಣೆ.
ಪೆನ್ಸಿಲ್ ಮೂರು ಹೆರೆದಿಟ್ಟೀನಿ.
ಸೋಮವಾರದ ತನಕ ಗುಳಿಗಿ ಬಟ್ಟಲಾಗ ಹಾಕಿಟ್ಟೀನಿ.
ಬದಲಿಗೆ ಬರೂ ಶಬಾನಾಗ ಹೇಳಿಟ್ಟೀನಿ,
ಎರಡು ತಾಸಿಗೊಮ್ಮೆ; ಸೊಂಟ ಜ್ವಾಕಿ; ಮೊದಲ ಕೇಳು.

ದೀಪಾ ಆರಸೂ ಹೊತ್ತಿಗೆ ಆಯಿ ಅಂದಳು,
“ನೀ ಪಾಸಾದ ಮ್ಯಾಲ...”
ಕ್ರಿಯಾಪದಕ್ಕ ಕಾದೆ. ಕಡೀಗೆ ಬರತದಲ್ಲ.
ಆಕಿಗೆ ನಿದ್ದಿ ಹತ್ತಿತ್ತು.